ಮೂವತ್ತೊಂಬತ್ತು ‘ಚೆನ್ನಾಗಿದೆ’, ಒಂದು ‘ಬೇಡ’

ಹೊಸದಾಗಿ ಕಂಪನಿ ಕಟ್ಟುವವರಿಗೆ ಯಾವುದಕ್ಕೆ ಬರ ಬಂದರೂ ಸಲಹೆಗೆ ಮಾತ್ರ ಬರ ಬರುವುದಿಲ್ಲ. ಬೇಕಾದರೆ ಪರೀಕ್ಷೆ ಮಾಡಿ ನೋಡಿ. ‘ಸ್ವಂತದ್ದು ಏನೋ ಶುರು ಮಾಡಿದ್ದೀನಿ’ ಎಂದು ಬಾಯಿತಪ್ಪಿ ಅಂದುಬಿಡಿ ಸಾಕು, ಹಲ್ಲು ಕೀಳುವ ಡಾಕ್ಟರು ನಿಮ್ಮ ಬಾಯೊಳಗೆ ಇಕ್ಕಳ ಇಟ್ಟುಕೊಂಡೇ ವ್ಯಾಪಾರದ ಗುಟ್ಟು ಹೇಳಿಕೊಡುತ್ತಾನೆ. ಬೀಗ ರಿಪೇರಿಯವನು ಹೇಳುತ್ತಾನೆ, ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದ ಮನುಷ್ಯ ಹೇಳುತ್ತಾನೆ. ಒಂದು ಗೂಡಂಗಡಿಯನ್ನೂ ಸ್ವಂತಕ್ಕೆ ಇಟ್ಟು ನೋಡದವರು ಎಲ್ಲರಿಗಿಂತ ಹೆಚ್ಚು ಹೇಳುತ್ತಾರೆ.

ಈ ಕಥೆಯ ನಾದಿನಿಗೂ ಹಾಗೇ ಆಯಿತು. ಅವಳು ಮತ್ತು ಅವಳ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಇಬ್ಬರೂ ಸೇರಿ ಸಮವಸ್ತ್ರ ಹೊಲಿದುಕೊಡುವ ಕಂಪನಿ ಶುರು ಮಾಡಿದರು. ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೆಕಾಯಿ ಎಂದು ಲೋಕವೇ ಹೇಳುವಾಗ ಇವರಿಬ್ಬರೂ ಒಂದೇ ಮೇಜಿಗೆ ಕೂತು ಕಂಪನಿ ಕಟ್ಟುತ್ತಾರಂತೆ ಎಂದು ನೆಂಟರು ನಕ್ಕದ್ದೇ ನಕ್ಕದ್ದು. ಬಸ್ಸು ಓಡಿಸುವ ಅಣ್ಣನಂತೂ ಮೊದಲ ದಿನವೇ ಕೈಯೆತ್ತಿಬಿಟ್ಟ. “ನೀವಿಬ್ರೂ ಜಗಳ ಆಡಿದ್ರೆ ನನ್ನನ್ನ ಮಧ್ಯಕ್ಕೆ ಎಳೀಬೇಡಿ ಮಾರಾಯ್ರೇ. ನಾನು ಡಿಪೋಗೆ ಹೋಗಿ ಬಸ್ಸಲ್ಲೇ ಮಲಗ್ತೀನಿ” ಅಂದ.

ಅತ್ತಿಗೆ ದೊಡ್ಡ ಬಟ್ಟೆ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದವಳು. ಕಟಿಂಗ್ ಮೇಜಿನ ಮೇಲೆ ಅರವತ್ತು ಪದರ ಬಟ್ಟೆ ಹಾಸಿ, ಒಂದೆಳೆ ಆಚೀಚೆ ಆಗದಂತೆ ಕತ್ತರಿಸಿ, ‘ಮಾಸ್ತರಮ್ಮ’ ಎಂದು ಹೆಸರಾದವಳು. ಅದರ ಜೊತೆಗೆ, ಸಂಜೆ ಮನೆಯಲ್ಲಿ ಅಕ್ಕಪಕ್ಕದವರಿಗೆ ಅಳತೆ ತೆಗೆದು ಹೊಲಿದುಕೊಡುತ್ತಿದ್ದಳು. ನಾದಿನಿ ಕಂಪ್ಯೂಟರ್ ಓದಿದವಳು. ಅವಳ ಯೋಚನೆ ಬಹಳ ಸರಳವಾಗಿತ್ತು. ಆಸ್ಪತ್ರೆ, ಹೋಟೆಲ್ಲು, ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಕೊಡುವ ಸಮವಸ್ತ್ರ ಒಬ್ಬರಿಗೆ ಗೋಣಿಚೀಲ, ಇನ್ನೊಬ್ಬರಿಗೆ ಉಸಿರು ಕಟ್ಟುವ ಬಿಗಿ. ಅದಕ್ಕೆ ಪ್ರತಿಯೊಬ್ಬರೂ ತಮ್ಮ ಫೋನಿನಲ್ಲೇ ಎರಡು ಫೋಟೋ ತೆಗೆದು ಕಳಿಸಲಿ, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಆ್ಯಪ್ ಅಳತೆ ಹೇಳುತ್ತದೆ, ಅತ್ತಿಗೆ ಕತ್ತರಿಸುತ್ತಾಳೆ, ಬಟ್ಟೆ ಅವರವರ ಮೈಗೇ ಹೊಂದುತ್ತದೆ.

ಇಷ್ಟನ್ನು ನಂಬಿ ಅತ್ತಿಗೆ ಕಾರ್ಖಾನೆಯ ಕೆಲಸ ಬಿಟ್ಟಳು. ಇಪ್ಪತ್ತು ವರ್ಷದ ಕೆಲಸ! ಬಿಟ್ಟ ದಿನ ಮೇಲ್ವಿಚಾರಕ ‘ಮತ್ತೆ ಬರ್ತೀನಿ ಅಂದ್ರೆ ಜಾಗ ಇರಲ್ಲ ಮಾಸ್ತರಮ್ಮ’ ಅಂದನಂತೆ. ‘ಜಾಗ ಇರಬೇಕಾದ್ದು ಅಲ್ಲಿ’ ಎಂದು ಅತ್ತಿಗೆ ಕಿಟಕಿಯಾಚೆ ಎತ್ತಲೋ ತೋರಿಸಿ ಬಂದಳಂತೆ. ಆ ‘ಅಲ್ಲಿ’ ಅಂದರೆ ಬೀಗ ರಿಪೇರಿ ಅಂಗಡಿಯ ಮಾಳಿಗೆಯ ಒಂದು ಕೋಣೆ. ಒಂದು ಕಟಿಂಗ್ ಮೇಜು, ಮೂರು ಹೊಲಿಗೆ ಮಿಷನ್ನು, ಅಂಚು ಹೊಲಿಯುವ ಒಂದು ಮಿಷನ್ನು, ಮೂಲೆಯಲ್ಲಿ ನಾದಿನಿಯ ಕಂಪ್ಯೂಟರು. ಕೆಳಗೆ ಬೀಗದವನು ಕೀಲಿ ಉಜ್ಜಿದರೆ ಮೇಲೆ ಮಾತು ಕೇಳಿಸುತ್ತಿರಲಿಲ್ಲ.

ಸಲಹೆಗಾರರು ಸಿಕ್ಕಿದ್ದು ಆಗಲೇ. ಹೊಸ ಕಂಪನಿಗಳಿಗೆ ದಾರಿ ತೋರಿಸುವುದೇ ಅವರ ಕೆಲಸ. ತೊಳೆದ ಮುತ್ತಿನಂಥ ಮಾತು. ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ಒಂದು ಚಟ, ಏನು ಕೇಳಿದರೂ ಮೂರು ಸೂತ್ರದಲ್ಲಿ ಉತ್ತರ. “ಒಂದು, ಬೇಗ ಬೆಳೀಬೇಕು. ಎರಡು, ಗಿರಾಕಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಕೆಲಸ ಕೊಡಬಾರದು. ಮೂರು, ಹಳೇ ಅಭ್ಯಾಸಗಳನ್ನ ಬಾಗಿಲ ಹೊರಗೆ ಬಿಟ್ಟು ಬರಬೇಕು.” ನಾದಿನಿ ಮೂರನ್ನೂ ಬರೆದು ಕಂಪ್ಯೂಟರಿನ ಮೇಲೆ ಅಂಟಿಸಿಕೊಂಡಳು. ಅತ್ತಿಗೆ ಅದನ್ನು ಓದಿ, “ಬಾಗಿಲ ಹೊರಗೆ ಬಿಟ್ರೆ ಬೀಗದವನು ಎತ್ಕೊಂಡು ಹೋಗ್ತಾನೆ, ಹುಷಾರು” ಎಂದು ನಕ್ಕು ಸುಮ್ಮನಾದಳು.

ಅತ್ತಿಗೆಗೆ ಒಂದು ಹಳೇ ಅಭ್ಯಾಸವಿತ್ತು. ಅಳತೆಗೆ ಯಾರೇ ಬರಲಿ, ಟೇಪು ಹಿಡಿಯುವ ಮುಂಚೆ ಅವಳ ಕೈಯಿಂದ ಸೀಮೆಸುಣ್ಣ ಜಾರಿ ಬೀಳುತ್ತಿತ್ತು. “ಅಯ್ಯೋ, ಸ್ವಲ್ಪ ಎತ್ಕೊಡ್ತೀರಾ?” ಅನ್ನುವಳು. ಅವರು ಬಗ್ಗಿ ಎತ್ತಿ ಕೊಡುವರು. ಒಂದು ದಿನವಲ್ಲ ಎರಡು ದಿನವಲ್ಲ, ಪ್ರತಿ ಸಲವೂ ಹೀಗೇ. ಆಸ್ಪತ್ರೆಯವರು ಮೊದಲ ಸಲ ಕೋಣೆಗೆ ಬಂದಾಗಲೂ ಬಿತ್ತು. ಅವತ್ತು ಬಂದವರು ಯಾರು ಗೊತ್ತೇ? ಆಸ್ಪತ್ರೆಯ ಆರುನೂರು ಜನ ನರ್ಸುಗಳ ಮೇಲಿನ ದೊಡ್ಡ ಸಿಸ್ಟರ್. ಅಂಥವರು ಬಗ್ಗಿ ಸೀಮೆಸುಣ್ಣ ಎತ್ತಿಕೊಟ್ಟರು. ನಾದಿನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವರು ಹೋದ ಮೇಲೆ ಅತ್ತಿಗೆಗೆ ಹೇಳಿಯೇಬಿಟ್ಟಳು. “ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಗಿರಾಕಿಗಳ ಮುಂದೆ ಕೈ ಸ್ವಲ್ಪ ಗಟ್ಟಿ ಇಟ್ಕೊಳ್ಳಿ. ಅವರ ಕೈಲಿ ನೆಲದ ಮೇಲಿಂದ ಎತ್ತಿಸೋದು ಚೆನ್ನಾಗಿರಲ್ಲ.” ಅತ್ತಿಗೆ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. “ಆಯ್ತು ಪುಟ್ಟಿ” ಅಂದಳು. ಆಮೇಲೆ ಸೀಮೆಸುಣ್ಣ ಬೀಳಲಿಲ್ಲ.

ದೊಡ್ಡ ಸಿಸ್ಟರ್ ನಲವತ್ತು ಜನ ನರ್ಸುಗಳಿಗೆ ಮೊದಲು ಹೊಲಿದು ತೋರಿಸಿ ಅಂದರು. ತಿಂಗಳು ಹಾಕಿಕೊಂಡು ನೋಡಲಿ, ಹಿಡಿಸಿದರೆ ಆರುನೂರು ಜನಕ್ಕೂ ನೀವೇ. ಇಂಥ ಮಾತು ಹೊಸ ಕಂಪನಿಗೆ ದಿನಾ ಬರುವುದಿಲ್ಲ. ಕೈಗೂಡಿದರೆ ಕಂಪನಿ ತನ್ನ ಕಾಲ ಮೇಲೆ ನಿಲ್ಲುತ್ತದೆ. ಕೈತಪ್ಪಿದರೆ ಮಾಳಿಗೆಯ ಕೋಣೆಗೆ ಬೀಗ, ಅತ್ತಿಗೆಗೆ ಹೋಗಲು ಕಾರ್ಖಾನೆಯೂ ಇಲ್ಲ. ಇಬ್ಬರಿಗೂ ಇದು ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ನಲವತ್ತು ಜನ ಫೋಟೋ ಕಳಿಸಿದರು. ನೆಟ್ಟಗೆ ನಿಂತು, ಕೈ ಕೆಳಗೆ ಬಿಟ್ಟು, ಗುರುತಿನ ಚೀಟಿಗೆ ನಿಂತ ಹಾಗೆ. ಅತ್ತಿಗೆ ಕತ್ತರಿಸಿದಳು, ಹೊಲಿದಳು, ಒಂದೊಂದನ್ನೂ ಕೈಯಾರೆ ಇಸ್ತ್ರಿ ಮಾಡಿ ಕಳಿಸಿದಳು. ನರ್ಸುಗಳು ಹಾಕಿಕೊಂಡು ಸಾಲಾಗಿ ನಿಂತರೆ ಅಚ್ಚು ಹಾಕಿದ ಹಾಗಿತ್ತು. ದೊಡ್ಡ ಸಿಸ್ಟರ್ ತಲೆದೂಗಿ, ತಿಂಗಳು ಕಳೆದ ಮೇಲಿನ ಶುಕ್ರವಾರ ಸಹಿ ಹಾಕೋಣ ಅಂದರು.

ಆ ಶುಕ್ರವಾರಕ್ಕೆ ಎರಡು ದಿನ ಇರುವಾಗ ನಾದಿನಿ ಅಭಿಪ್ರಾಯದ ಹಾಳೆಗಳನ್ನು ತರಲು ಹೋದಳು. ನಲವತ್ತು ಹಾಳೆ. ಬಸ್ಸಿನಲ್ಲಿ ಕೂತೇ ಓದತೊಡಗಿದಳು. ‘ಚೆನ್ನಾಗಿದೆ.’ ‘ತುಂಬಾ ಚೆನ್ನಾಗಿದೆ.’ ‘ಬಣ್ಣ ಚೆನ್ನಾಗಿದೆ.’ ಒಬ್ಬಾಕೆ ‘ದೇವರು ನಿಮಗೆ ಒಳ್ಳೇದು ಮಾಡಲಿ’ ಎಂದೂ ಬರೆದಿದ್ದಳು. ಮೂವತ್ತೊಂಬತ್ತು ಹಾಳೆ ಓದುವಷ್ಟರಲ್ಲಿ ನಾದಿನಿಗೆ ರೆಕ್ಕೆ ಬರುವುದೊಂದು ಬಾಕಿ. ನಲವತ್ತನೆಯದು ಮೂಳೆ ವಾರ್ಡಿನದು. ಅದರಲ್ಲಿ ಹೀಗಿತ್ತು: ‘ನನಗೆ ಬೇಡ. ಇದನ್ನು ಹೊಲಿದವರು ಜೀವನದಲ್ಲಿ ಒಂದು ದಿನ ಯಾರನ್ನಾದರೂ ಎತ್ತಿದ್ದಾರೆಯೇ?’

ಮುಖಕ್ಕೆ ಹೊಡೆದ ಹಾಗಾಯಿತು. ಕೋಣೆಗೆ ಬಂದವಳೇ ಮೂವತ್ತೊಂಬತ್ತನ್ನು ಮೇಜಿನ ಮೇಲೆ ಜೋಡಿಸಿಟ್ಟಳು, ನಲವತ್ತನೆಯದನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಎಷ್ಟೇ ಆದರೂ ಅತ್ತಿಗೆಯ ಕಣ್ಣು. ಅರವತ್ತು ಪದರದಲ್ಲಿ ಒಂದು ಪದರ ಕಡಿಮೆಯಾದರೆ ಗೊತ್ತಾಗುವ ಕಣ್ಣು.

“ಇನ್ನೊಂದು ಎಲ್ಲಿ?”

“ಯಾವ ಇನ್ನೊಂದು?”

“ನಲವತ್ತು ಹೊಲಿದಿದ್ವಿ ಪುಟ್ಟಿ. ಇದು ಮೂವತ್ತೊಂಬತ್ತಿದೆ.”

ನಾದಿನಿ ಹಾಳೆ ತೆಗೆದುಕೊಟ್ಟಳು. “ಅವಳೊಬ್ಬಳು ಸಿಡುಕಿ ಅತ್ತಿಗೆ. ವಾರ್ಡಲ್ಲೆಲ್ಲ ಅವಳನ್ನ ಸಿಡುಕಿ ಸಿಸ್ಟರ್ ಅಂತಾನೇ ಕರೀತಾರಂತೆ. ಡಾಕ್ಟರಿಗೇ ಬೈತಾಳಂತೆ. ನಲವತ್ತರಲ್ಲಿ ಒಬ್ಬರು ಬೇಡ ಅಂದ್ರೆ ಏನಾಯ್ತು? ಸಲಹೆಗಾರರೂ ಅದನ್ನೇ ಹೇಳಿದ್ರು, ಎಲ್ಲರನ್ನೂ ಮೆಚ್ಚಿಸೋಕೆ ಹೋದವನು ಉದ್ಧಾರ ಆಗಲ್ಲ ಅಂತ.”

ಅತ್ತಿಗೆ ಹಾಳೆಯನ್ನು ಎರಡು ಸಲ ಓದಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಈ ಮೂವತ್ತೊಂಬತ್ತು ಜನ ಬಟ್ಟೆ ನೋಡಿ ಬರೆದಿದ್ದಾರೆ. ಇವಳೊಬ್ಬಳು ಹಾಕ್ಕೊಂಡು ಬರೆದಿದ್ದಾಳೆ. ನಾಳೆ ಬೆಳಗ್ಗೆ ಹೋಗಿ ಬರೋಣ ನಡಿ” ಅಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಮೂಳೆ ವಾರ್ಡಿಗೆ ಹೋದರು. ಉದ್ದನೆಯ ಕೋಣೆ, ಎರಡು ಸಾಲು ಮಂಚ, ಮೇಲಕ್ಕೆ ಕಟ್ಟಿದ ಕಾಲುಗಳು. ಸಿಡುಕಿ ಸಿಸ್ಟರ್ ಐವತ್ತರ ಹೆಂಗಸು, ಗಿಡ್ಡ, ಅಗಲ ಭುಜ, ತಮ್ಮ ಹಳೇ ಮಾಸಿದ ಸಮವಸ್ತ್ರವನ್ನೇ ಹಾಕಿಕೊಂಡಿದ್ದರು. ಬಂದವರು ಯಾರೆಂದು ಗೊತ್ತಾದದ್ದೇ ತಡ, “ಓಹೋ, ಬಂದ್ರಾ? ಮಾತಾಡೋಕೆ ನನಗೆ ಪುರುಸೊತ್ತಿಲ್ಲ. ಆ ಮೂಲೇಲಿ ಸ್ಟೂಲಿದೆ. ಕೂತ್ಕೊಳ್ಳಿ. ಬಾಯಿ ಮುಚ್ಕೊಂಡು ನೋಡಿ” ಅಂದರು.

ನೋಡಿದರು. ಹೊಸ ಸಮವಸ್ತ್ರ ಹಾಕಿಕೊಂಡ ಒಬ್ಬ ನರ್ಸು ರೋಗಿಯನ್ನು ಮಗ್ಗುಲಾಗಿಸಲು ಬಂದಳು. ಮಂಚದ ಹತ್ತಿರ ನಿಂತವಳು ಮೊದಲು ಮೇಲಿನ ಎರಡು ಗುಂಡಿ ಬಿಚ್ಚಿದಳು, ಆಮೇಲೆ ಬಗ್ಗಿದಳು, ರೋಗಿಯನ್ನು ತಿರುಗಿಸಿದಳು, ಎದ್ದು ನಿಂತು ಗುಂಡಿ ಹಾಕಿಕೊಂಡಳು. ಇನ್ನೊಬ್ಬಳು ಅಂಗಿಯ ತುದಿಯನ್ನು ಸೊಂಟದವರೆಗೆ ಎಳೆದುಕೊಂಡು ಹಲ್ಲು ಕಚ್ಚಿ ಎತ್ತಿದಳು. ಮೂರನೆಯವಳು ಮೇಲೆ ನೇತುಹಾಕಿದ ಸಲೈನ್ ಬಾಟಲಿಗೆ ಕೈ ಚಾಚಿದಾಗ ಅವಳ ಕಂಕುಳು ಕಾಣಿಸಿತು. ಅಲ್ಲಿ ಹೊಲಿಗೆಯನ್ನು ಬಿಚ್ಚಿ, ಒಳಗಿನಿಂದ ಎರಡು ಪಿನ್ನು ಚುಚ್ಚಿಕೊಂಡಿದ್ದಳು. ಬಾಟಲಿ ಬದಲಾಯಿಸಿದವಳು ಇವರನ್ನು ಕಂಡು, ಪಾಪ, ಸಿಕ್ಕಿಬಿದ್ದ ಕಳ್ಳಿಯ ಹಾಗೆ ತೋಳು ಇಳಿಸಿಕೊಂಡಳು.

“ಯಾಕಮ್ಮ ಹೇಳ್ಲಿಲ್ಲ?” ಎಂದು ನಾದಿನಿ ಕೇಳಿದಳು. ಅವಳಿಗೆ ಅಳು ಬರುವ ಹಾಗಿತ್ತು.

“ನೀವಿಬ್ರೂ ಎಷ್ಟು ಕಷ್ಟಪಟ್ಟು ಹೊಲಿದು ಕಳಿಸಿದ್ರಿ ಅಂತ ದೊಡ್ಡ ಸಿಸ್ಟರ್ ಹೇಳಿದ್ರು. ಇಸ್ತ್ರಿ ಬೇರೆ ಮಾಡಿದ್ರಿ. ಹೆಂಗಸರು ಏನೋ ಮಾಡ್ತಿದ್ದಾರೆ, ಬಾಯಿಬಿಟ್ಟು ಹೇಗೆ ಅನ್ನೋದು ಅನ್ನಿಸ್ತು” ಅಂದಳು ಅವಳು.

ಆ ಬೆಳಿಗ್ಗೆ ಮೂರು ಗಂಟೆ ಹೊತ್ತು ಇಬ್ಬರೂ ಸ್ಟೂಲಿನ ಮೇಲೆ ಕೂತಿದ್ದರು. ಹೊಸ ಬಟ್ಟೆ ಹಾಕಿದ ಒಬ್ಬಳೂ ನೆಟ್ಟಗೆ, ಕೈ ಕೆಳಗೆ ಬಿಟ್ಟು, ಒಂದು ನಿಮಿಷವೂ ನಿಲ್ಲಲಿಲ್ಲ. ನಿಂತದ್ದು ಫೋಟೋದಲ್ಲಿ ಮಾತ್ರ.

ಆಸ್ಪತ್ರೆಯ ಹೊರಗೆ, ಆಂಬುಲೆನ್ಸ್ ನಿಲ್ಲುವ ಜಾಗದ ಪಕ್ಕ ಒಂದು ಸಿಮೆಂಟಿನ ಕಟ್ಟೆ. ಅದರ ಮೇಲೆ ಕೂತು ಅತ್ತಿಗೆ ಎರಡು ಲೋಟ ಟೀ ತರಿಸಿದಳು. ನಾದಿನಿಯ ಟೀ ಕೈಯಲ್ಲೇ ಆರಿತು.

“ಅತ್ತಿಗೆ, ಒಂದು ಕೇಳ್ಲಾ? ಆ ಸೀಮೆಸುಣ್ಣ... ನಿಮ್ಮ ಕೈ ಜಾರಿ ಬೀಳ್ತಿರಲಿಲ್ಲ, ಅಲ್ವಾ?”

ಅತ್ತಿಗೆ ಟೀ ಊದಿದಳು. “ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈ, ಸೀಮೆಸುಣ್ಣ ಜಾರಿಸುತ್ತಾ? ಜನ ಅಳತೆ ಕೊಡೋವಾಗ ಎಲ್ರೂ ಹೊಟ್ಟೆ ಒಳಗೆ ಎಳ್ಕೊಂಡು ಮದುಮಕ್ಕಳ ಥರ ನಿಲ್ತಾರೆ ಕಣೇ. ಬಗ್ಗಿ ಏನಾದ್ರೂ ಎತ್ತಿಸಿದ್ರೆ ಮೈ ನಿಜ ಹೇಳುತ್ತೆ. ಬೆನ್ನು ಎಷ್ಟು ಅಗಲ ಆಗುತ್ತೆ, ಭುಜ ಎಲ್ಲಿ ಎಳೆಯುತ್ತೆ, ಯಾವ ಮೊಣಕಾಲು ನೋಯುತ್ತೆ, ಎಲ್ಲಾ ಗೊತ್ತಾಗುತ್ತೆ. ಅಷ್ಟಕ್ಕೆ ಸರಿಯಾಗಿ ಬಟ್ಟೆ ಬಿಡ್ತಿದ್ದೆ.”

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಶಾಲೆಯಲ್ಲಿ ನಾದಿನಿ ವಿಸ್ತರಿಸಿ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡಿದ್ದಳು. ಮನೆಯೊಳಗೆ ಓಡಾಡುವ ಅತ್ತಿಗೆಗೆ ಅದನ್ನು ಹಚ್ಚಿ ನೋಡಲು ಮಾತ್ರ ತೋಚಲಿಲ್ಲ. ಸಲಹೆಗಾರರ ಮಾತನ್ನು ಬರೆದು ಅಂಟಿಸಿಕೊಂಡವಳು, ಒಂದೇ ಮೇಜಿನ ಆಚೆ ಬದಿ ಕೂತವಳನ್ನು ಒಂದು ಪ್ರಶ್ನೆ ಕೇಳಿರಲಿಲ್ಲ.

“ನನ್ನಿಂದಾನೇ ಆಗಿದ್ದು ಅತ್ತಿಗೆ. ನಾನೇ ನಿಮ್ಮ ಬಾಯಿ ಮುಚ್ಚಿಸಿದೆ. ನೀವು ಕೆಲಸ ಬೇರೆ ಬಿಟ್ರಿ. ನಂಗೆ ಎರಡು ಬಾರಿಸಿ ಹೇಳಬಾರದಿತ್ತಾ?”

“ನಾನೂ ಹೇಳಬೇಕಿತ್ತು” ಅಂದಳು ಅತ್ತಿಗೆ. “ಕಾರ್ಖಾನೇಲಿ ಇಪ್ಪತ್ತು ವರ್ಷ ಯಾರೂ ನನ್ನನ್ನ ಯಾಕೆ ಅಂತ ಕೇಳ್ಲಿಲ್ಲ. ಕೇಳದೆ ಕೇಳದೆ ಹೇಳೋ ಅಭ್ಯಾಸನೇ ತಪ್ಪಿಹೋಗಿದೆ. ನೀನು ಓದಿದವಳು, ನಿನಗೆ ಗೊತ್ತಿರುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ಅದು ನನ್ನ ಸೋಮಾರಿತನ ಕಣೇ, ದೊಡ್ಡತನ ಅಲ್ಲ. ಈಗ ಟೀ ಕುಡಿ. ನಾಳೆ ಏನು ಮಾಡೋದು ಹೇಳು.”

ನಾಳೆ ಅಂದರೆ ಶುಕ್ರವಾರ, ಸಹಿ. ನಾದಿನಿಯ ತಲೆ ಆಗಲೇ ಅಡ್ಡದಾರಿ ಹಿಡಿದಿತ್ತು. ಸಹಿ ಹಾಕಿಸಿಕೊಂಡು ಬಿಡುವುದು, ಆಮೇಲೆ ಸದ್ದಿಲ್ಲದೆ ಸರಿಮಾಡುವುದು, ಯಾರಿಗೆ ಗೊತ್ತಾಗುತ್ತದೆ? ಆದರೆ ಪಿನ್ನು ಚುಚ್ಚಿಕೊಂಡವಳ ತೋಳು ಕಣ್ಣಿಗೆ ಕಟ್ಟಿತ್ತು. ಜೊತೆಗೆ, ತಪ್ಪು ನಾದಿನಿಯದೆಂದು ಗೊತ್ತಿದ್ದೂ ಟೀ ಕುಡಿ ಅಂದ ಈ ಹೆಂಗಸಿನ ಎದುರು ಅಡ್ಡದಾರಿಯ ಮಾತೆತ್ತಲು ಅವಳಿಗೆ ನಾಲಿಗೆ ಬರಲಿಲ್ಲ.

“ಇದ್ದದ್ದು ಇದ್ದ ಹಾಗೆ ಹೇಳೋಣ” ಅಂದಳು.

“ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ, ಗೊತ್ತಲ್ಲ?”

“ಒದೀಲಿ.”

“ಹಾಗಿದ್ರೆ ಸರಿ” ಎಂದು ಅತ್ತಿಗೆ ಎದ್ದಳು.

ಶುಕ್ರವಾರ ದೊಡ್ಡ ಸಿಸ್ಟರ್ ಅವರ ಕೋಣೆಯಲ್ಲಿ ಕಾಗದಗಳು ಆಗಲೇ ಮೇಜಿನ ಮೇಲಿದ್ದವು. ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದರು. ನಾದಿನಿ ನಿಂತುಕೊಂಡೇ ಹೇಳಿದಳು. ನಲವತ್ತು ಬಟ್ಟೆಯೂ ತಪ್ಪು. ಬಗ್ಗಿದರೆ ಬೆನ್ನು ಎಳೆಯುತ್ತದೆ, ಕೈ ಎತ್ತಿದರೆ ಕಂಕುಳು ಕೊಯ್ಯುತ್ತದೆ. ನಿಮ್ಮ ನರ್ಸುಗಳು ಕರುಣೆಯಿಂದ ಚೆನ್ನಾಗಿದೆ ಅಂದಿದ್ದಾರೆ. ತಪ್ಪು ಹೊಲಿಗೆಯದ್ದಲ್ಲ, ಅಳತೆಯದ್ದು, ಅಳತೆಯ ದಾರಿ ನಾನು ಮಾಡಿದ್ದು.

ದೊಡ್ಡ ಸಿಸ್ಟರ್ ಕಾಗದಗಳನ್ನು ಪಕ್ಕಕ್ಕೆ ಸರಿಸಿ, “ಸಹಿ ಆದ ಮೇಲೆ ಹೇಳಬಹುದಿತ್ತಲ್ಲ” ಅಂದರು.

“ಆರುನೂರು ಬಟ್ಟೆ ತಪ್ಪು ಅಂತ ಗೊತ್ತಿದ್ದೂ ಕತ್ತರಿಸೋಕೆ ನನ್ನ ಕೈ ಏಳಲ್ಲ ಮೇಡಂ” ಅಂದಳು ಅತ್ತಿಗೆ.

ದೊಡ್ಡ ಸಿಸ್ಟರ್ ಪೆನ್ನಿಗೆ ಮುಚ್ಚಳ ಹಾಕಿದರು. ಆ ಚಿಕ್ಕ ಟಕ್ ಎಂಬ ಸದ್ದಿಗೆ ನಾದಿನಿಯ ಜೀವ ಬಾಯಿಗೆ ಬಂತು. ಹೋಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಇನ್ನೊಂದು ಕಂಪನಿಯವರು ಬಾಗಿಲಲ್ಲಿ ಕಾಯ್ತಿದ್ದಾರೆ. ಅವರನ್ನ ಮೂರು ವಾರ ತಡೀತೀನಿ, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ. ಮೂಳೆ ವಾರ್ಡಿನ ಇಪ್ಪತ್ತೆಂಟು ಜನಕ್ಕೆ ಮತ್ತೆ ಹೊಲೀರಿ. ಈ ಸಲ ನನಗೆ ಹಾಳೆ ಬೇಡ. ಆ ವಾರ್ಡಲ್ಲಿ ಒಬ್ಬಳಿದ್ದಾಳಲ್ಲ, ಬೇಡ ಅಂತ ಬರೆದವಳು? ಅವಳು ಬೇಕು ಅಂದ್ರೆ ಸಹಿ. ಇಲ್ಲ ಅಂದ್ರೆ ಇಲ್ಲ.”

ಹೊರಗೆ ಬಂದು ನಾದಿನಿ, “ಮುಗೀತು ಅತ್ತಿಗೆ, ಹುಲಿ ಬಾಯಿಗೇ ತಲೆ ಕೊಟ್ಟ ಹಾಗಾಯ್ತು” ಅಂದಳು. ಅತ್ತಿಗೆ, “ಹುಲಿಗೆ ಅಂಗಿ ಹೊಲಿಯೋದು ಹೇಗೆ ಅಂತ ಯೋಚನೆ ಮಾಡು” ಅಂದಳು.

ಸಲಹೆಗಾರರಿಗೆ ಸುದ್ದಿ ಹೇಳಿದಾಗ ಅವರು ಹಣೆ ಹಣೆ ಚಚ್ಚಿಕೊಂಡರು. “ಸಹಿ ಹಾಕೋ ಪೆನ್ನನ್ನ ಯಾರಾದ್ರೂ ತಡೀತಾರೇನಮ್ಮ?” ಅಂದರು. ಮೊದಲ ಸಲ ಅವರ ಬಾಯಲ್ಲಿ ಮೂರು ಸೂತ್ರ ಬರಲಿಲ್ಲ. ಅಣ್ಣ ಮಾತ್ರ ಆ ರಾತ್ರಿ ಊಟಕ್ಕೆ ಕೂತಾಗ, “ನಂಗೆ ನಿಮ್ಮ ವ್ಯಾಪಾರ ಅರ್ಥ ಆಗಲ್ಲ. ಬ್ರೇಕು ಸರಿಯಿಲ್ಲ ಅಂತ ಗೊತ್ತಾದ್ ಮೇಲೆ ಗಾಡಿ ತೆಗೆಯೋದು ತಪ್ಪು. ಅಷ್ಟು ಗೊತ್ತು” ಎಂದು ಇಬ್ಬರ ತಟ್ಟೆಗೂ ತಾನೇ ಬಡಿಸಿದ.

ಮರುವಾರ ಒಂದು ಮಧ್ಯಾಹ್ನ ಮಾಳಿಗೆಯ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ನೋಡಿದರೆ ಸಿಡುಕಿ ಸಿಸ್ಟರ್! ಅವತ್ತು ಅವರಿಗೆ ವಾರದ ರಜೆ. ಏದುಸಿರು ಬಿಡುತ್ತಾ, “ಇದೇನ್ರೀ ಮೆಟ್ಟಿಲು, ಬಂದವರ ಮೂಳೆ ಮುರಿದು ನಮ್ಮ ವಾರ್ಡಿಗೆ ಕಳಿಸೋ ಹುನ್ನಾರವಾ?” ಎಂದರು. ಕೂರಿ ಅಂದರೆ ಕೂರಲಿಲ್ಲ. ಕಟಿಂಗ್ ಮೇಜಿನ ಮೇಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಚಪ್ಪಲಿ ಬಿಟ್ಟು, ಮೇಜಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟರು.

“ನಿಮ್ಮ ಬಟ್ಟೆ ನೀವೇ ಹಾಕ್ಕೊಳ್ಳಿ. ನಾನು ಸೊಂಟ ಮುರಿದ ರೋಗಿ. ಎತ್ತಿ ನನ್ನನ್ನ.”

ಅತ್ತಿಗೆ ನಾದಿನಿ ಮುಖ ಮುಖ ನೋಡಿಕೊಂಡರು. ಆಮೇಲೆ ಪರದೆಯ ಹಿಂದೆ ಹೋಗಿ ತಾವೇ ಹೊಲಿದು, ಈಗ ವಾಪಸು ಬಂದಿದ್ದ ಸಮವಸ್ತ್ರಗಳಲ್ಲಿ ತಮಗೆ ಹೊಂದುವುದನ್ನು ಹಾಕಿಕೊಂಡು ಬಂದರು. ನೆಟ್ಟಗೆ ನಿಂತಾಗ ಏನು ಅಂದ, ಏನು ಚಂದ. ಇಬ್ಬರೂ ಆಚೀಚೆ ನಿಂತು ಬಗ್ಗಿ, ಕೈ ಕೆಳಗೆ ತೂರಿಸಿ, ಒಂದು ಎರಡು ಮೂರು ಎಂದು ಎತ್ತಿದರು. ಸಿಸ್ಟರ್ ನಾಲ್ಕು ಬೆರಳಷ್ಟು ಮೇಲೆದ್ದರೋ ಇಲ್ಲವೋ, ಪರ್ರ್ ಎಂದು ಅತ್ತಿಗೆಯ ಬೆನ್ನು ಮೇಲಿನಿಂದ ಕೆಳಗೆ ಬಿರಿಯಿತು. ಗಾಬರಿಗೆ ನಾದಿನಿ ಕೈ ಬಿಟ್ಟಳು. ಅವಳ ಕಂಕುಳೂ ಹರಿಯಿತು. ರೋಗಿ ಧಡ್ ಎಂದು ಮೇಜಿನ ಮೇಲೆ ಬಿದ್ದರು. ಕೆಳಗೆ ಬೀಗದವನು ಕೀಲಿ ಉಜ್ಜುವುದು ನಿಲ್ಲಿಸಿ, “ಏನಾಯ್ತ್ರೀ?” ಎಂದು ಕೂಗಿದ.

“ಏನಿಲ್ಲ, ಬುದ್ಧಿ ಬಂತು!” ಎಂದು ಅತ್ತಿಗೆ ಕೂಗಿದಳು.

ಮೊದಲು ನಕ್ಕದ್ದು ಸಿಡುಕಿ ಸಿಸ್ಟರ್. ಮಲಗಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತಿಗೆ ತನ್ನ ಹರಿದ ಬೆನ್ನು ಮುಟ್ಟಿ ನೋಡಿಕೊಂಡು ನಕ್ಕಳು. ನಾದಿನಿ ನಗುತ್ತಲೇ ಅತ್ತಳು, ಅಳುತ್ತಲೇ ನಕ್ಕಳು. ಇಬ್ಬರು ಹೆಂಗಸರ ತಪ್ಪನ್ನು ತೋರಿಸಲು ರಜೆಯ ದಿನ ಯಾರಾದರೂ ಇಷ್ಟು ಮೆಟ್ಟಿಲು ಹತ್ತಿ ಬರುತ್ತಾರೆಯೇ ಎಂದು ಅವಳಿಗೆ ನಂಬಲೇ ಆಗಲಿಲ್ಲ.

ಅಂದಿನಿಂದ ಕೋಣೆಯ ಕೆಲಸವೇ ಬದಲಾಯಿತು. ಅತ್ತಿಗೆ ಬೆನ್ನಿನ ಎರಡು ಪಕ್ಕಕ್ಕೂ ಮಡಿಕೆ ಕೊಟ್ಟಳು. ನಿಂತಾಗ ಕಾಣದು, ಬಗ್ಗಿದಾಗ ಬಿಚ್ಚಿಕೊಳ್ಳುವುದು. ಕಂಕುಳಿಗೆ ಚೌಕದ ಒಂದು ತುಂಡು ಕೂಡಿಸಿದಳು. ನಾದಿನಿ ಆ್ಯಪ್ ಬಿಚ್ಚಿ ಮತ್ತೆ ಕಟ್ಟಿದಳು. ಈಗ ಅದು ಎರಡಲ್ಲ, ಐದು ಫೋಟೋ ಕೇಳುತ್ತದೆ. ನೆಲದ ಮೇಲೆ ಏನಾದರೂ ಹಾಕಿ ಎತ್ತಿ, ಕೈ ಮೇಲಕ್ಕೆ ಚಾಚಿ, ಕೂತುಕೊಳ್ಳಿ ಅನ್ನುತ್ತದೆ. ಪ್ರತಿ ಹೆಜ್ಜೆಯಲ್ಲೂ ಅವಳು ‘ಅತ್ತಿಗೆ, ಇದು ಯಾಕೆ?’ ಎಂದು ಕೇಳಿದಳು, ಅತ್ತಿಗೆ ಹೇಳಿದಳು. ಇಪ್ಪತ್ತು ವರ್ಷದ ಮಾತು ಒಮ್ಮೆ ಶುರುವಾದ ಮೇಲೆ ನಿಲ್ಲುತ್ತದೆಯೇ? ಒಂದು ದಿನ ನಾದಿನಿ, “ಸ್ವಲ್ಪ ಉಸಿರು ತಗೊಳ್ಳಿ ಅತ್ತಿಗೆ, ಬರೆದು ಬರೆದು ನನ್ನ ಕೈ ಬಿತ್ತು” ಎಂದು ಬೇಡಿಕೊಳ್ಳಬೇಕಾಯಿತು.

ಮೂರನೆಯ ವಾರದ ಕೊನೆಯ ದಿನ ಇಪ್ಪತ್ತೆಂಟು ಸಮವಸ್ತ್ರ ಹೊತ್ತು ಇಬ್ಬರೂ ವಾರ್ಡಿಗೆ ಹೋದರು. ದೊಡ್ಡ ಸಿಸ್ಟರ್ ಬಾಗಿಲಲ್ಲೇ ನಿಂತು ನೋಡಿದರು. ಸಿಡುಕಿ ಸಿಸ್ಟರ್ ತಮ್ಮದನ್ನು ಹಾಕಿಕೊಂಡು ಬಂದು, ಯಾರ ಜೊತೆಗೂ ಮಾತಾಡದೆ ಕೆಲಸ ಶುರು ಮಾಡಿದರು. ಎರಡು ಕಾಲೂ ಮುರಿದ, ಮೂಟೆಯಂಥ ಒಬ್ಬ ಮನುಷ್ಯನನ್ನು ಜೊತೆಯವಳೊಂದಿಗೆ ಎತ್ತಿ ಹಾಸಿಗೆ ಬದಲಾಯಿಸಿದರು. ಮೇಲಿನ ಬಾಟಲಿ ಬದಲಾಯಿಸಿದರು. ನೆಲಕ್ಕೆ ಬಿದ್ದ ತಟ್ಟೆ ಎತ್ತಿದರು. ಮಂಚದ ಕೆಳಗೆ ನುಗ್ಗಿ ಹಿಡಿಕೆ ತಿರುಗಿಸಿ ತಲೆಯ ಕಡೆ ಮೇಲಕ್ಕೆ ಮಾಡಿದರು. ನಾದಿನಿ ಬಾಗಿಲಿಗೆ ಒರಗಿ ಉಸಿರು ಬಿಗಿಹಿಡಿದಿದ್ದಳು. ಪಕ್ಕದಲ್ಲಿ ಅತ್ತಿಗೆಯ ಕೈ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಿತ್ತು, ಬೆವೆತಿತ್ತು. ಅರ್ಧ ಗಂಟೆ ಕಳೆದ ಮೇಲೆ ಸಿಡುಕಿ ಸಿಸ್ಟರ್ ದೊಡ್ಡ ಸಿಸ್ಟರ್ ಅವರ ಕಡೆ ತಿರುಗಿದರು.

“ಬೇಕು” ಅಂದರು. ಅಷ್ಟೇ.

ದೊಡ್ಡ ಸಿಸ್ಟರ್ ಕಾಗದಗಳನ್ನು ಔಷಧಿಯ ತಳ್ಳುಗಾಡಿಯ ಮೇಲಿಟ್ಟು ಅಲ್ಲೇ ಸಹಿ ಹಾಕಿದರು. ಅತ್ತಿಗೆ ಕಣ್ಣೊರೆಸಿಕೊಂಡು ಕಾಗದ ಮಡಚಿ ಎದೆಗವಚಿಕೊಂಡಳು. ನಾದಿನಿ ಸೀದಾ ಸಿಡುಕಿ ಸಿಸ್ಟರ್ ಅವರ ಹತ್ತಿರ ಹೋದಳು. ಹೇಳಬೇಕೆಂದುಕೊಂಡದ್ದು ಬಹಳವಿತ್ತು, ಬಾಯಿಗೆ ಬಂದದ್ದು ಇಷ್ಟೇ.

“ನಿಮ್ಮ ಋಣ ಹೇಗೆ ತೀರಿಸಲಿ ಸಿಸ್ಟರ್? ನೀವು ಅವತ್ತು ಹಾಗೆ ಬರೆದಿರದಿದ್ರೆ ನಾವು ಮುಳುಗಿಹೋಗ್ತಿದ್ವಿ. ಎಲ್ಲರೂ ನಮ್ಮ ಮೇಲೆ ಕರುಣೆ ಇಟ್ಟು ಚೆನ್ನಾಗಿದೆ ಅಂದ್ರು. ನಿಮಗೊಬ್ರಿಗೇ ಯಾಕೆ ಬೈಬೇಕು ಅನ್ನಿಸ್ತು?”

ಸಿಡುಕಿ ಸಿಸ್ಟರ್ ಹಾಸಿಗೆಯ ಸುಕ್ಕು ಎಳೆಯುತ್ತಲೇ ಉತ್ತರ ಕೊಟ್ಟರು. “ಅವರೆಲ್ಲ ನೀವು ಒಂದು ಸಲ ಬಂದು ಹೋಗೋರು ಅಂದ್ಕೊಂಡ್ರು ಕಣಮ್ಮ. ಹೋಗೋರಿಗೆ ಯಾರಾದ್ರೂ ಬೈತಾರಾ? ಚೆನ್ನಾಗಿದೆ ಅಂತ ಹೇಳಿ ಕಳಿಸ್ತಾರೆ. ನಾನು ಆ ಅಂಗಿನ ಒಳಗೆ ಹೊರಗೆ ತಿರುಗಿಸಿ ನಿಮ್ಮತ್ತಿಗೆ ಹೊಲಿಗೆ ನೋಡಿದೆ. ಇವರು ಇನ್ನಿಪ್ಪತ್ತು ವರ್ಷ ಇಲ್ಲೇ ಇರ್ತಾರೆ ಅನ್ನಿಸ್ತು. ಇರೋರಿಗೆ ತಾನೇ ಬೈಯೋದು.”

ನಾದಿನಿಗೆ ಕಟ್ಟೆಯೊಡೆದು ಅಳು ಬಂತು. ರೋಗಿಗಳೆಲ್ಲ ಕತ್ತು ಎತ್ತಿ ನೋಡಿದರು.

“ಅಳೋದು ಆಮೇಲೆ” ಅಂದರು ಸಿಡುಕಿ ಸಿಸ್ಟರ್. “ಎಡಗಡೆ ಕಾಲರು ಕುತ್ತಿಗೆಗೆ ಚುಚ್ಚುತ್ತೆ. ಬರ್ಕೋ.”

ನಾದಿನಿ ಮೂಗು ಒರೆಸಿಕೊಂಡು ಬರೆದುಕೊಂಡಳು.